ಬ್ರೆಜಿಲ್‌ನ ಹಾಡಿನಲ್ಲಿ ಈರಣ್ಣನ ಧ್ವನಿ

ಆ ಧ್ವನಿಯನ್ನು ಕದ್ದವನು ನಾನು. ಇಲ್ಯಾಸ್ ಅಲ್ಲ.

ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು ಎಂದು ಬರೆಯಲು ಹೊರಟಿದ್ದೆ. ಆದರೆ ಅದೂ ಸರಿಯಲ್ಲ. ಬೇಕಾಗಿರಲಿಲ್ಲ. ಒಂದು ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ, ಅಷ್ಟೇ.

ದುಬೈ, ಅಬುಧಾಬಿಯ ಕನ್ನಡಿಗರಾದ ನಿಮ್ಮಲ್ಲಿ ಬಹಳಷ್ಟು ಜನರಿಗೆ ಆ ಹಾಡು ಗೊತ್ತು. ಬ್ರೆಜಿಲ್‌ನ ಒಂದು ಪಂಕ್ ರಾಕ್ ತಂಡ. ಅವರ ಮೊದಲ ಆಲ್ಬಮ್. ಅದರ ಮೂರನೆಯ ಹಾಡು ನಮ್ಮ ಗದಗ ಕಡೆಯ ಕನ್ನಡದಲ್ಲಿ ಒಬ್ಬ ಗಂಡಸು ಕೂಗುವುದರಿಂದ ಶುರುವಾಗುತ್ತದೆ. ನೀವೂ ಅದನ್ನು ಯಾರಿಗಾದರೂ ಕಳುಹಿಸಿರಬಹುದು, ಕೆಳಗೆ ಕೆಂಪು ಹಳದಿ ಬಾವುಟದ ಚಿತ್ರ ಸೇರಿಸಿ. ಆ ಗಂಡಸು ಈರಣ್ಣ. ಅವನು ತನ್ನ ಹೆಂಡತಿಗೆ, ಅವಳೊಬ್ಬಳಿಗೇ ಆಡಿದ ಮಾತು ಅದು.

ಮುಂದೆ ಬರೆಯುವುದರಲ್ಲಿ ಕೆಲವು ಕಡೆ "ನನ್ನ ನೆನಪಿನ ಪ್ರಕಾರ" ಎನ್ನುತ್ತೇನೆ. ಅದು ನುಣುಚಿಕೊಳ್ಳುವ ಮಾತಾಗಿ ಕೇಳಿಸಬಹುದು. ನಾನು ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವನು. ಮನುಷ್ಯ ತನಗೆ ಅನುಕೂಲವಾಗುವ ಹಾಗೆ ಹಳೆಯದನ್ನು ತಿದ್ದಿಕೊಳ್ಳುತ್ತಾನೆ, ತಿದ್ದಿಕೊಂಡದ್ದು ಅವನಿಗೇ ತಿಳಿಯುವುದಿಲ್ಲ—ಇದನ್ನು ಪರೀಕ್ಷೆಗಾಗಿ ಬರೆದು ಅಂಕ ಪಡೆದವನು. ಆಮೇಲೆ ಅದೇ ಪಾಠವನ್ನು ಒಬ್ಬ ಅಮಾಯಕನ ಮೇಲೆ ಪ್ರಯೋಗ ಮಾಡಿದವನು. ಅದನ್ನು ಮುಂದೆ ಹೇಳುತ್ತೇನೆ.

ದುಬೈಯ ಅಲ್ ಮುರಕ್ಕಬಾತ್‌ನ ಒಂದು ಫ್ಲ್ಯಾಟಿನಲ್ಲಿ ನಾವು ಮೂವರು ಇದ್ದೆವು. ನಾನು, ಒಂದು ಜಾಹೀರಾತು ಸ್ಟುಡಿಯೊದಲ್ಲಿ ಧ್ವನಿ ಸಂಕಲನ ಮಾಡುವವನು. ಈರಣ್ಣ, ಗದಗ ಕಡೆಯವನು, ಲಿಫ್ಟ್ ಮೆಕ್ಯಾನಿಕ್. ಇಲ್ಯಾಸ್, ಉಳ್ಳಾಲದ ಬ್ಯಾರಿ, ಕೆಳಗಿನ ಬೀದಿಯಲ್ಲೇ ಒಂದು ದೊಡ್ಡ ಅಂಗಡಿಯ ಮೂಲೆಯಲ್ಲಿ ಮೊಬೈಲ್ ರಿಪೇರಿಯ ಕೌಂಟರ್ ಇಟ್ಟುಕೊಂಡಿದ್ದ. ಅಡುಗೆಮನೆ ಒಂದೇ, ಪಾತ್ರೆಗಳು ಬೇರೆ ಬೇರೆ. ಈರಣ್ಣ ಮಾಂಸ ಮುಟ್ಟುವವನಲ್ಲ. ಇಲ್ಯಾಸ್ ಮೀನು ಹುರಿಯುವಾಗ ಪಕ್ಕದ ಒಲೆಯಲ್ಲಿ ರೊಟ್ಟಿ ಬೇಯಿಸುತ್ತ ನಿಲ್ಲುತ್ತಿದ್ದ.

"ಇಲ್ಯಾಸಣ್ಣ, ನಿಮ್ಮ ಬಂಗುಡೆ ನನ್ನ ರೊಟ್ಟೀ ಕಡೆನ ನೋಡಾಕತ್ತೈತಿ ನೋಡ್ರಿ."

"ಅದಕ್ಕೂ ಹಸಿವಾಗ್ತದೆ ಮಾರಾಯ್ರೆ. ಒಂದು ತುಂಡು ಕೊಡಿ ಅದಕ್ಕೆ."

"ಸತ್ತದ್ದಕ್ಕ ರೊಟ್ಟಿ ಹಾಕೂದಿಲ್ರಿ ನಾವು."

"ಹಾಗಾದ್ರೆ ನನಗೆ ಹಾಕಿ. ನಾನಿನ್ನೂ ಸಾಯ್ಲಿಲ್ಲ."

ಹೀಗೆ. ಇದು ದಿನವೂ ನಡೆಯುತ್ತಿದ್ದ ಮಾತು. ಇಬ್ಬರೂ ನನ್ನನ್ನು 'ಸರ್' ಎನ್ನುತ್ತಿದ್ದರು, ಒಬ್ಬೊಬ್ಬರು ಒಂದೊಂದು ರೀತಿ ಎಳೆದು. ನಾನು ಬೇಡ ಎನ್ನಲಿಲ್ಲ.

ಇಲ್ಲಿ ವಾಟ್ಸಾಪ್‌ನಲ್ಲಿ ಕರೆ ಮಾಡಲು ಬರುವುದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಮಾತನ್ನು ರೆಕಾರ್ಡ್ ಮಾಡಿ ಕಳುಹಿಸುವುದು, ಅತ್ತಲಿಂದ ಬಂದದ್ದನ್ನು ಕಿವಿಗೆ ಹಚ್ಚಿಕೊಂಡು ಕೇಳುವುದು. ನಮ್ಮಲ್ಲಿ ಎಷ್ಟು ಸಂಸಾರಗಳು ಹೀಗೇ ತುಂಡು ತುಂಡು ಮಾತಿನಲ್ಲಿ ನಡೆದಿವೆ. ಈರಣ್ಣ ತನ್ನ ಮಾತನ್ನು ಕಟ್ಟಡದ ಮೆಟ್ಟಿಲುಗಳಲ್ಲಿ ನಿಂತು ಆಡುತ್ತಿದ್ದ. ಲಿಫ್ಟ್ ಇರುವ ಕಟ್ಟಡದಲ್ಲಿ ಮೆಟ್ಟಿಲ ಕಡೆ ಯಾರೂ ಬರುವುದಿಲ್ಲ. ಖಾಲಿ ಗೋಡೆಗಳಿಗೆ ಬಡಿದು ಆ ಧ್ವನಿ ದುಂಡಗಾಗಿ, ಆಳವಾಗಿ—ಇಲ್ಲಿ ಮತ್ತೆ ಸ್ಟುಡಿಯೊದವನಾಗುತ್ತಿದ್ದೇನೆ. ನಿಲ್ಲಿಸುತ್ತೇನೆ.

ಸ್ಟುಡಿಯೊದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವನು ಜಾಂದಿರ್. ಈಶಾನ್ಯ ಬ್ರೆಜಿಲ್‌ನ ಒಳನಾಡಿನವನು. ಅವನ ಊರು ಚರ್ಮದ ಕೆಲಸಕ್ಕೆ ಹೆಸರಾದದ್ದಂತೆ; ಊರಿನ ಅರ್ಧ ಗಂಡಸರು ದಕ್ಷಿಣದ ದೊಡ್ಡ ನಗರಗಳಿಗೆ ದುಡಿಯಲು ಹೋಗಿ ವರ್ಷಕ್ಕೊಮ್ಮೆ ಬರುವವರಂತೆ. ಅವನ ತಮ್ಮ ಮತ್ತು ತಮ್ಮನ ಮೂವರು ಗೆಳೆಯರು ಸೇರಿ ಒಂದು ತಂಡ ಕಟ್ಟಿದ್ದರು. ಹೆಸರಿನ ಅರ್ಥ 'ಒಣ ಹಲ್ಲು'. ಮೊದಲ ಆಲ್ಬಮ್ಮಿನ ಹಾಡುಗಳನ್ನು ಅಲ್ಲಿ ಒಂದು ಗೋದಾಮಿನಲ್ಲಿ ರೆಕಾರ್ಡ್ ಮಾಡಿ ದುಬೈಗೆ ಕಳುಹಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಜಾಂದಿರ್ ನಮ್ಮ ಸ್ಟುಡಿಯೊದಲ್ಲಿ ಕುಳಿತು ಅದನ್ನು ಮಿಕ್ಸ್ ಮಾಡುತ್ತಿದ್ದ.

ನಾನು ಅಂಥ ಸಂಗೀತವನ್ನು ಕೇಳಿರಲಿಲ್ಲ. ಎರಡು ನಿಮಿಷ ಮೀರದ ಹಾಡುಗಳು. ಅಕಾರ್ಡಿಯನ್ ಅವರ ಕಡೆಯ ಹಬ್ಬಗಳ ವಾದ್ಯವಂತೆ, ಅದನ್ನು ಇವರು ಗರಗಸದ ಹಾಗೆ ನುಡಿಸುತ್ತಿದ್ದರು. ಆಲ್ಬಮ್ಮಿನ ಹೆಸರು 'ನಿನ್ನ ಅಪ್ಪನನ್ನು ಕೇಳು'. ಪಾದ್ರಿ, ಧಣಿ, ಶಾಸಕ, ಮನೆಯ ಯಜಮಾನ, ಎಲ್ಲರಿಗೂ ಬೈಗುಳ. ಮುಖಪುಟದಲ್ಲಿ ತಂಡದ ನಾಲ್ವರ ಮನೆಗಳ ನಿಜವಾದ ಫೋಟೊಗಳು. ಮದುವೆ, ನಾಮಕರಣ, ಚರ್ಚಿನ ಮುಂದೆ ನಿಂತದ್ದು. ಪ್ರತಿಯೊಂದರಲ್ಲೂ ಅಪ್ಪನ ಮುಖವನ್ನು ಮಾತ್ರ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಆ ಜಾಗದಲ್ಲಿ ದುಂಡನೆಯ ಬಿಳಿ ತೂತು. ಅದು ಹೊರಬಂದ ಮೇಲೆ ಊರಿನ ಅಂಗಡಿಯವರು ಅದನ್ನು ಮಾರಲು ಒಪ್ಪಲಿಲ್ಲ. ಡ್ರಮ್ ನುಡಿಸುವವನನ್ನು ಮನೆಯಿಂದ ಹೊರಗೆ ಹಾಕಿದರು. ಜಾಂದಿರ್‌ನ ಅಪ್ಪ ಇಬ್ಬರು ಮಕ್ಕಳೊಡನೆಯೂ ಮಾತು ಬಿಟ್ಟ.

ನನಗೆ ಅಸೂಯೆಯಾಗಿತ್ತು. ಈ ಹುಡುಗರು ಏನನ್ನೋ ಪಣಕ್ಕಿಟ್ಟಿದ್ದರು. ನಾನು ಸಿಮ್ ಕಾರ್ಡಿನ, ಬಿರಿಯಾನಿ ಮಸಾಲೆಯ ಜಾಹೀರಾತುಗಳಲ್ಲಿ ಉಸಿರಿನ ಸದ್ದು ಅಳಿಸುತ್ತ ಕೂತಿದ್ದೆ. ಆ ಆಲ್ಬಮ್ಮಿನಲ್ಲಿ ನನ್ನದೂ ಏನಾದರೂ ಇರಬೇಕು ಅನಿಸಿತ್ತು. ನನ್ನದು ಎಂದೆನಲ್ಲ—

ಆ ದಿನಗಳಲ್ಲೇ ಈರಣ್ಣನ ಫೋನ್ ಕೆಲಸದ ಜಾಗದಲ್ಲಿ ಬಿದ್ದು ಒಡೆಯಿತು. ಇಲ್ಯಾಸ್ ಅವನಿಗೆ ಹೊಸದು ಕೊಟ್ಟ. ಹಳೆಯದರಲ್ಲಿದ್ದ ಫೋಟೊ, ಮಾತು ಎಲ್ಲವನ್ನೂ ಹೊಸದಕ್ಕೆ ಹಾಕಿಕೊಡುತ್ತೇನೆ ಎಂದು ಅದನ್ನು ಕೌಂಟರಿನಲ್ಲಿ ಇಟ್ಟುಕೊಂಡಿದ್ದ. ಅವನ ಕಂಪ್ಯೂಟರ್ ಕೈಕೊಟ್ಟಿತ್ತು. ನಾನು ಕೆಲಸದಿಂದ ಬರುವಾಗ ಅಲ್ಲಿಗೆ ಹೋದೆ. "ಕೊಡು, ನನ್ನ ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡ್ತೀನಿ" ಎಂದೆ. ಅವನು ಕೊಟ್ಟ. ಮರುದಿನ ಫೋನನ್ನೂ ಕಾಪಿಯನ್ನೂ ತಂದುಕೊಟ್ಟೆ. ಈರಣ್ಣನಿಗೆ ಇದು ತಿಳಿಯಲಿಲ್ಲ. ತಿಳಿಸಬೇಕಾದ ವಿಷಯ ಎಂದು ಇಲ್ಯಾಸ್‌ಗೆ ಅನಿಸಲಿಲ್ಲ. ಒಂದೇ ಮನೆಯವರಲ್ಲವೆ.

ಆ ಕಾಪಿಯ ಒಂದು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿಯಿತು. ಉಳಿಸಿಕೊಂಡೆ.

ಈರಣ್ಣನ ಮಾತು ಅಕಸ್ಮಾತ್ತಾಗಿ ಕೇಳಿಸಿತು ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಫೈಲು ಸರಿಯಾಗಿದೆಯೇ ಎಂದು ನೋಡಲು ತೆರೆದೆ, ಮಾತು ಬಂತು. ಮೊದಲನೆಯದು ಹಾಗೇ ಇರಬಹುದು. ಆದರೆ ಅಲ್ಲಿ ಬಹಳ ಫೈಲುಗಳಿದ್ದವು. ಒಂದಾದ ಮೇಲೆ ಒಂದು ತೆರೆದೆ. ಅಕಸ್ಮಾತ್ತು ಅಷ್ಟು ಸಲ ಆಗುವುದಿಲ್ಲ.

ಅದರಲ್ಲಿ ಒಂದು ಹೀಗಿತ್ತು. ಈರಣ್ಣ, ಶಾಂತಾ ಅವರ ಮದುವೆಯಾಗಿ ಆಗಲೇ ಹಲವು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಊರಿನಲ್ಲಿ ಈರಣ್ಣನ ತಾಯಿ ಸೊಸೆಯನ್ನು ದಿನವೂ ಅನ್ನುತ್ತಿದ್ದರು. ಇಲ್ಲಿಯ ಡಾಕ್ಟರು ಕೊರತೆ ಈರಣ್ಣನಲ್ಲೇ ಇದೆ ಎಂದು ಅವನಿಗೆ ಹೇಳಿದ್ದರು. ಅವನು ಅದನ್ನು ಮುಚ್ಚಿಟ್ಟು, ತಾನು ಸರಿಯಿದ್ದೇನೆಂದು ತಾಯಿಗೆ ಹೇಳಿಬಿಟ್ಟಿದ್ದ. ಆಮೇಲೆ ತಡೆಯಲಾಗದೆ, ಮೆಟ್ಟಿಲುಗಳಲ್ಲಿ ನಿಂತು, ಹೆಂಡತಿಗೆ ಎಲ್ಲವನ್ನೂ ಹೇಳಿದ್ದ. ಅಳುತ್ತ, ತನ್ನನ್ನು ತಾನೇ ಬೈದುಕೊಳ್ಳುತ್ತ. ಮೊದಲ ಮಾತುಗಳು ಕೂಗಿನ ಹಾಗಿದ್ದವು. "ಇಲ್ಲಿ ಕೇಳ, ನನ್ನ ಮಾತ ಕೇಳ, ಏನ್ ಮಾಡ್ಲಿ ನಾ, ಹೇಳ!" ಭಾಷೆ ಗೊತ್ತಿಲ್ಲದವರಿಗೆ ಅದು ಸಿಟ್ಟು.

ಜಾಂದಿರ್ ಕೇಳಿದ್ದರಿಂದ ಅದನ್ನು ಕೊಟ್ಟೆ—ಇದು ನನ್ನ ನೆನಪು. ಮೂರನೆಯ ಹಾಡಿಗೆ ದೂರದೇಶದಲ್ಲಿ ದುಡಿಯುವವನೊಬ್ಬನ ನಿಜವಾದ ಧ್ವನಿ ಬೇಕು ಎಂದು ಅವನು ಕೇಳಿದ, ನಾನು ಕೊಟ್ಟೆ. ಅವನು ಬೇರೆ ಹೇಳುತ್ತಾನೆ. ತಾನು ಕೇಳಲೇ ಇಲ್ಲ; ಒಂದು ಸಂಜೆ ನಾನೇ ಹೆಡ್‌ಫೋನನ್ನು ಅವನ ತಲೆಗೆ ಹಾಕಿದೆ ಎನ್ನುತ್ತಾನೆ. ಯಾರದು ಸರಿ ಎಂದು ತೀರ್ಮಾನಿಸಲು ನನ್ನ ಬಳಿ ಏನೂ ಇಲ್ಲ. ಅವನದೇ ಇರಬೇಕು. ನನ್ನ ನೆನಪು ನನ್ನ ಕಡೆಯ ವಕೀಲ.

"ಇವನು ಏನು ಹೇಳುತ್ತಿದ್ದಾನೆ?" ಎಂದು ಜಾಂದಿರ್ ಕೇಳಿದ್ದು ಮಾತ್ರ ಇಬ್ಬರಿಗೂ ನೆನಪಿದೆ.

"ಮಾಲೀಕನಿಗೆ ಬೈಯುತ್ತಿದ್ದಾನೆ" ಎಂದೆ.

"ಅವನಿಗೆ ಗೊತ್ತಿದೆಯೆ, ನಾವು ಬಳಸುವುದು?"

"ಗೊತ್ತಿದೆ. ಸಂತೋಷಪಟ್ಟ."

ಎರಡು ಸುಳ್ಳು. ಜಾಂದಿರ್‌ಗೆ ಆ ಮೆಟ್ಟಿಲಿನ ಗುಂಯ್‌ಗುಡುವಿಕೆ ಬಹಳ ಹಿಡಿಸಿತು. ಹಾಡಿನ ಆರಂಭಕ್ಕೆ ಕೂಗನ್ನು ಇಟ್ಟ. ಹಾಡಿನ ನಡುವೆ ಗಿಟಾರು, ಡ್ರಮ್ ಎಲ್ಲ ಒಮ್ಮೆಲೇ ನಿಂತು ಆ ಧ್ವನಿಯೊಂದೇ ಉಳಿಯುವ ಜಾಗ ಮಾಡಿದ. ಅದರಲ್ಲಿ ಶಾಂತಾ ಎಂಬ ಹೆಸರಿತ್ತು. ತೆಗೆಯಬಹುದಿತ್ತು—ತೆಗೆಯುವುದೇ ನನ್ನ ಕಸುಬು. ತೆಗೆದರೆ ಲಯ ಕೆಡುತ್ತದೆ ಎಂದು ಬಿಟ್ಟೆವು. "ಬಿಟ್ಟೆವು" ಅಲ್ಲ. ಅವನಿಗೆ ಅದು ಹೆಸರೆಂದೇ ಗೊತ್ತಿರಲಿಲ್ಲ. ಬಿಟ್ಟೆ.

ಆಲ್ಬಮ್ ಹೊರಬಂದ ಮೇಲೆ ಜಾಂದಿರ್ ಒಂದು ವಿಡಿಯೊ ತೋರಿಸಿದ. ಅಲ್ಲೆಲ್ಲೋ ಒಂದು ಶೆಡ್ಡಿನಲ್ಲಿ ತಂಡ ನುಡಿಸುತ್ತಿದೆ. ವಾದ್ಯಗಳು ನಿಲ್ಲುತ್ತವೆ. ಬೆವರಿದ ಹುಡುಗ ಹುಡುಗಿಯರು ಮುಷ್ಟಿ ಎತ್ತಿ ಒಟ್ಟಿಗೆ ಕೂಗುತ್ತಾರೆ: ಶಾಂತಾ! ಶಾಂತಾ! ನಾನು ನಕ್ಕೆ. ಅವನೂ ನಕ್ಕ. ಆಗ ಒಳಗೆ ಏನಾಯಿತು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಆ ಜಾಗ ಮರಗಟ್ಟಿದೆ. ಆಗಲೇ ಮರಗಟ್ಟಿತ್ತೋ, ಆಮೇಲೆ ಆಯಿತೋ ತಿಳಿಯದು.

ಮನೆಯಲ್ಲಿ ನಾನು ಜಾಂದಿರ್‌ನ ಹೆಸರನ್ನೇ ಎತ್ತಿರಲಿಲ್ಲ. ಸ್ಟುಡಿಯೊದಲ್ಲಿ ಬ್ರೆಜಿಲ್‌ನವನೊಬ್ಬ ಇದ್ದಾನೆ ಎಂಬುದು ಈರಣ್ಣನಿಗಾಗಲೀ ಇಲ್ಯಾಸ್‌ಗಾಗಲೀ ತಿಳಿದಿರಲಿಲ್ಲ. ಇದನ್ನೂ ಅಕಸ್ಮಾತ್ತು ಎನ್ನಲೆ?

ಕಾಲ ಕಳೆಯಿತು. ಈರಣ್ಣ ಸೂಪರ್‌ವೈಸರ್ ಆದ. ಕೆಲಸ ಅಬುಧಾಬಿಗೆ ಬದಲಾಯಿತು, ಫ್ಯಾಮಿಲಿ ವೀಸಾ ಆಯಿತು. ಶಾಂತಾ ಅವರು ಬಂದರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮನೆ ಮಾಡಿದರು. ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಇಬ್ಬರೂ ತಪ್ಪದೆ ಬರುತ್ತಿದ್ದರು. ಆಕೆ ಕೋಲಾಟದ ತಂಡದಲ್ಲಿದ್ದರು. ಇಲ್ಯಾಸ್ ಆ ಮನೆಗೆ ರಜೆಯ ದಿನ ಹೋಗಿ ಊಟ ಮಾಡಿ ಬರುತ್ತಿದ್ದ.

ಆಗ ಯಾರೋ ಊರಿನ ಕಡೆಯ ಹುಡುಗರಿಗೆ ಆ ಹಾಡು ಸಿಕ್ಕಿತು. ಮೊದಲ ಕೂಗನ್ನು, ಅದರ ಬೆನ್ನಿಗೆ ಬರುವ ಗಿಟಾರನ್ನು ಮಾತ್ರ ಕತ್ತರಿಸಿ ರೀಲ್ಸ್ ಮಾಡಿದರು. 'ಬ್ರೆಜಿಲ್‌ನಲ್ಲೂ ಕನ್ನಡ'. ಆಲ್ಬಮ್ಮಿನ ವಿವರದಲ್ಲಿ ನನ್ನ ಸುಳ್ಳೇ ಅಚ್ಚಾಗಿತ್ತು: ದುಬೈಯ ಕಾರ್ಮಿಕನೊಬ್ಬ ತನ್ನ ಮಾಲೀಕನಿಗೆ ಬೈಯುತ್ತಿರುವುದು. ಎಲ್ಲರಿಗೂ ಹೆಮ್ಮೆ. ನಮ್ಮ ಭಾಷೆ ಎಲ್ಲಿ ಕೇಳಿಸಿದರೂ ನಾವು ಮೊದಲು ಚಪ್ಪಾಳೆ ತಟ್ಟುತ್ತೇವೆ, ಏನು ಹೇಳುತ್ತಿದ್ದಾರೆ ಎಂದು ಆಮೇಲೆ ಕೇಳುತ್ತೇವೆ. ಈರಣ್ಣನಿಗೂ ಅದು ಬಂದಿತ್ತಂತೆ. ಅವನೂ ನಾಲ್ಕು ಮಂದಿಗೆ ಕಳುಹಿಸಿದ್ದನಂತೆ. ಗುಂಯ್‌ಗುಡುವ ಒಂದು ಕೂಗು, ಬೆನ್ನಿಗೇ ಗಿಟಾರಿನ ಗದ್ದಲ; ತನ್ನ ಧ್ವನಿ ತನಗೇ ಗುರುತು ಸಿಕ್ಕಿರಲಿಲ್ಲ.

ಆ ವರ್ಷದ ರಾಜ್ಯೋತ್ಸವ ಅಬುಧಾಬಿಯ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮಧ್ಯಾಹ್ನ. ಊಟಕ್ಕೆ ಬಿಡುವ ಮುನ್ನ ನಿರೂಪಕರು, ಉಡುಪಿ ಕಡೆಯವರು, ಮೈಕು ಹಿಡಿದು ಬಂದರು.

"ಎಂತ ಮಾರಾಯ್ರೆ, ನಾವಿಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸ್ಲಿಕ್ಕೆ ಪಾಡು ಪಡ್ತಾ ಇದ್ದೇವೆ. ಅಲ್ಲಿ ಬ್ರೆಜಿಲ್‌ನವರು ಕನ್ನಡದಲ್ಲಿ ಬೊಬ್ಬೆ ಹೊಡೀತಾ ಇದ್ದಾರೆ! ಪೂರ್ತಿ ಹಾಡು ಕೇಳುವನಾ?"

ಮಕ್ಕಳು ಶಿಳ್ಳೆ ಹಾಕಿದರು. ಪೂರ್ತಿ ಹಾಡನ್ನು ಅಲ್ಲಿಯವರೆಗೆ ಸಂಘದಲ್ಲಿ ಯಾರೂ ಕೇಳಿರಲಿಲ್ಲ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾನು ಕೇಳಿದ್ದೆ. ಎದ್ದು ಹೋಗಿ ನಿಲ್ಲಿಸಲು ಸಮಯವಿತ್ತು. ಕೂಗು, ಗಿಟಾರು, ಅಕಾರ್ಡಿಯನ್. ಜನ ತಾಳ ಹಾಕುತ್ತಿದ್ದರು. ಆಮೇಲೆ ಎಲ್ಲ ನಿಂತಿತು. ದೊಡ್ಡ ಸ್ಪೀಕರುಗಳಲ್ಲಿ ಈರಣ್ಣನೊಬ್ಬನೇ ಉಳಿದ.

"ತಪ್ಪ ನಂದ ಐತಿ ಶಾಂತಾ. ನಿನ್ನಾಗ ಏನೂ ಇಲ್ಲ. ಕೊರತಿ ನನ್ನಾಗ ಐತಿ ಅಂತ ಡಾಕ್ಟರ್ ಹೇಳ್ಯಾರ. ಅವ್ವನ ಮುಂದ ನಾ ಸುಳ್ಳ ಹೇಳೀನಿ—"

ಮತ್ತೆ ಡ್ರಮ್ ಬಂತು. ಯಾರೋ ಓಡಿಹೋಗಿ ನಿಲ್ಲಿಸಿದರು. ಈರಣ್ಣ ಎದ್ದು ನಿಂತು, ಮತ್ತೆ ಕುಳಿತ. ಜನ ತಿರುಗಿ ನೋಡಿದರು, ಆದರೆ ಅವನನ್ನಲ್ಲ. ಎಲ್ಲರೂ ನೋಡಿದ್ದು ಶಾಂತಾ ಅವರನ್ನು. ಕೋಲಾಟದ ಸೀರೆಯಲ್ಲಿದ್ದ ಆಕೆ ಕೋಲುಗಳನ್ನು ಕುರ್ಚಿಯ ಮೇಲೆ ಇಟ್ಟು, ಕೈಚೀಲ ತೆಗೆದುಕೊಂಡು, ಬಾಗಿಲ ಕಡೆ ನಡೆದರು.

ನನಗೆ ಆಗ ಬಂದ ಯೋಚನೆಯನ್ನು ಬರೆಯಲೇಬೇಕು. ಮಿಕ್ಸಿಂಗ್ ಚೆನ್ನಾಗಿ ಬಂದಿದೆ ಅನಿಸಿತು. ಇದು ನನ್ನ ನೆನಪಿನ ತಪ್ಪಾಗಿದ್ದರೆ ಎಂದು ಬಹಳ ಸಲ ಆಶಿಸಿದ್ದೇನೆ.

ಮರುದಿನವೇ ಅದು ಊರಿಗೆ ಮುಟ್ಟಿತು. ಈರಣ್ಣನ ತಾಯಿಗೆ ಯಾರೋ ಫೋನನ್ನು ಕಿವಿಗೆ ಹಿಡಿದು ಕೇಳಿಸಿದರಂತೆ. ಆಕೆ ಮಗನ ಜೊತೆ ಮಾತು ಬಿಟ್ಟರು. ಸೊಸೆಯ ಜೊತೆಗಂತೂ ಮೊದಲೇ ಇರಲಿಲ್ಲ.

ಮುಂದಿನ ಶನಿವಾರ ಈರಣ್ಣ ದುಬೈಗೆ ಬಂದ. ನನ್ನನ್ನು ಕರೆದುಕೊಂಡು, ಹೌದು, ಓದಿದವನು ಜೊತೆಗಿರಲಿ ಎಂದು ನನ್ನನ್ನು ಕರೆದುಕೊಂಡು, ಇಲ್ಯಾಸ್‌ನ ಕೌಂಟರಿಗೆ ಹೋದ.

"ನನ್ನ ಹಳೇ ಫೋನ್ ನಿನ್ನ ಹತ್ರ ಇತ್ತು. ಹೌದಿಲ್ಲೊ?"

ಈರಣ್ಣ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಇಲ್ಯಾಸ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇತ್ತು ಈರಣ್ಣ. ಆದ್ರೆ ನನ್ನ ಕಂಪ್ಯೂಟರ್ ಹಾಳಾಗಿತ್ತಲ್ಲ, ಸಾರ್ ತಕೊಂಡು ಹೋದದ್ದು. ಅವರ ಲ್ಯಾಪ್‌ಟಾಪಲ್ಲೇ ಕಾಪಿ ಆದದ್ದು. ಮರುದಿನ ತಂದು ಕೊಟ್ರು. ಅಲ್ವಾ ಸಾರ್? ಹೇಳಿ."

ಇಬ್ಬರೂ ನನ್ನ ಕಡೆ ನೋಡಿದರು.

"ನನಗೆ ನೆನಪಿಲ್ಲ ಇಲ್ಯಾಸ್" ಎಂದೆ.

ಅವನು ನಕ್ಕ. "ತಮಾಷೆ ಬೇಡ ಸಾರ್. ಈಗ ತಮಾಷೆಯ ಹೊತ್ತಲ್ಲ."

"ತಮಾಷೆ ಅಲ್ಲ. ನಾನು ಫೋನ್ ತಗೊಂಡಿದ್ದು ನನಗೆ ನೆನಪಿಲ್ಲ."

ಇಷ್ಟಕ್ಕೆ ನಿಲ್ಲಿಸಿದ್ದರೂ ಒಂದು ಸುಳ್ಳಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಮೆಲ್ಲನೆಯ ದನಿಯಲ್ಲಿ, ಪಾಠ ಮಾಡುವವರ ಹಾಗೆ ವಿವರಿಸಿದೆ. ಇಲ್ಯಾಸ್ ಸುಳ್ಳು ಹೇಳುತ್ತಿದ್ದಾನೆ ಎಂದು ನಾನು ಅನ್ನುವುದಿಲ್ಲ ಎಂದೆ. ಮನುಷ್ಯ ತಪ್ಪು ಮಾಡಿದಾಗ ಮನಸ್ಸು ತಾನಾಗಿ ಇನ್ನೊಬ್ಬನನ್ನು ಆ ದೃಶ್ಯದಲ್ಲಿ ತಂದು ನಿಲ್ಲಿಸುತ್ತದೆ, ಆಮೇಲೆ ಅದನ್ನು ನಿಜವೆಂದೇ ನಂಬುತ್ತದೆ, ಇದಕ್ಕೆ ಬೇಕಾದಷ್ಟು ಸಂಶೋಧನೆ ನಡೆದಿದೆ ಎಂದೆ. ಅವನು ಫೈಲುಗಳನ್ನು ತಿಳಿಯದೆ ಎಲ್ಲೋ ಆನ್‌ಲೈನಿಗೆ ಹಾಕಿರಬಹುದು, ಅಲ್ಲಿಂದ ಯಾರೋ ಎತ್ತಿಕೊಂಡಿರಬಹುದು ಎಂದೆ. ಬೇಕೆಂದು ಮಾಡಿದ್ದಲ್ಲ ಬಿಡು ಈರಣ್ಣ ಎಂದೂ ಹೇಳಿದೆ. ಅವನ ಪರವಾಗಿ ಮಾತನಾಡುವವನ ಹಾಗೆ.

ಇಲ್ಯಾಸ್ ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಬಿಚ್ಚಿಟ್ಟಿದ್ದ ಫೋನಿನ ಕಡೆ ನೋಡಿದ. "ನಾನು ಕೊಟ್ಟದ್ದು ಸಾರ್" ಎಂದ, ತೀರಾ ಸಣ್ಣ ದನಿಯಲ್ಲಿ. "ಇಲ್ಲೇ ಕೊಟ್ಟದ್ದು... ಅಲ್ವಾ?" ಆ ಕೊನೆಯ "ಅಲ್ವಾ" ನನ್ನನ್ನು ಕೇಳಿದ್ದಲ್ಲ. ತನ್ನನ್ನೇ ಕೇಳಿಕೊಂಡದ್ದು. ಅವನ ನೆನಪನ್ನು ನಾನು ಅವನಿಂದಲೇ ಕಿತ್ತುಕೊಂಡಿದ್ದೆ, ಕೆಲವು ಕ್ಷಣಗಳ ಮಟ್ಟಿಗಾದರೂ.

"ಖಲಾಸ್" ಎಂದ ಈರಣ್ಣ. "ಪೊಲೀಸರ ಕಡೆ ಹೋಗ್ತಿದ್ದೆ. ಆದರ ಅಲ್ಲಿ ಮತ್ತ ಅದನ್ನ ಹಚ್ಚಿ ಕೇಳಸಬೇಕಾಕ್ಕೈತಿ. ನನ್ನ ಹೇಣ್ತಿ ಹೆಸರ ಮತ್ತ ನಾಕ್ ಮಂದೀ ಕಿವಿಗೆ ಬೀಳೂದು ಬ್ಯಾಡ."

ಆ ಸಂಜೆ ಅವನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಹಾಕಿದ. ಇಲ್ಯಾಸ್‌ನ ಹತ್ತಿರ ಯಾರೂ ಫೋನ್ ಕೊಡಬೇಡಿ, ಒಳಗಿರುವುದು ಒಳಗೇ ಉಳಿಯುವುದಿಲ್ಲ. ನೀವೆಲ್ಲ ಓದಿದಿರಿ. ನಾನೂ ಓದಿದೆ. ಕೆಲವರು ಹೆಬ್ಬೆರಳಿನ ಗುರುತು ಹಾಕಿದರು. ಇಲ್ಯಾಸ್‌ನ ಗಿರಾಕಿಗಳಲ್ಲಿ ಹೆಚ್ಚಿನವರು ನಮ್ಮವರೇ. ಕೌಂಟರಿನ ಬಾಡಿಗೆ ಹುಟ್ಟದೆ ಅವನು ಅದನ್ನು ಬಿಟ್ಟ. ಫ್ಲ್ಯಾಟನ್ನೂ ಬಿಟ್ಟ. ಈಗ ಅಜ್ಮಾನ್‌ನಲ್ಲಿ ಭಾವನ ಕಿರಾಣಿ ಅಂಗಡಿಯಲ್ಲಿದ್ದಾನೆ. ಹೊರಡುವ ದಿನ ನನ್ನ ಜೊತೆ ಮಾತನಾಡಲಿಲ್ಲ. ಅವನ ಮಂಚ ಖಾಲಿಯಾದ ಮೇಲೆ ನಾನು ಆ ಜಾಗದಲ್ಲಿ ಮೇಜು ಹಾಕಿಕೊಂಡೆ.

ಏಕೆ ಎಂದು ಕೇಳಬಹುದು. ಇನ್ನೊಬ್ಬರ ಖಾಸಗಿ ಮಾತನ್ನು ಹಂಚುವುದು ಇಲ್ಲಿ ಅಪರಾಧ. ಕೆಲಸ ಹೋಗುತ್ತಿತ್ತು, ವೀಸಾ ಹೋಗುತ್ತಿತ್ತು. ಹೆದರಿದ್ದೆ. ಇದು ಕಾರಣ. ಇಲ್ಯಾಸ್‌ಗೂ ಕೆಲಸ ಇತ್ತು, ವೀಸಾ ಇತ್ತು.

ಈ ವರ್ಷ ಜಾಂದಿರ್ ದುಬೈ ಬಿಟ್ಟು ಊರಿಗೆ ಹೊರಟ. ಅವನ ಅಪ್ಪ ಹಾಸಿಗೆ ಹಿಡಿದಿದ್ದಾನೆ. ನೋಡಿಕೊಳ್ಳುವುದು ಫೋಟೊದಲ್ಲಿ ಅವನ ಮುಖ ಕತ್ತರಿಸಿದ ಮಕ್ಕಳೇ. ಹೊರಡುವ ಮುನ್ನ ಬರ್ ದುಬೈಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ಅವನು ಈರಣ್ಣನನ್ನು ಒಮ್ಮೆ ನೋಡಬೇಕು, ಕೈಕುಲುಕಬೇಕು ಎಂದ. ಆಲ್ಬಮ್ಮಿನ ಒಂದು ಪ್ರತಿಯನ್ನು ಅವನಿಗಾಗಿ ತಂದಿದ್ದ. ಆಗ ನಿಜ ಹೇಳಿದೆ. ಒಳ್ಳೆಯತನದಿಂದ ಹೇಳಿದ್ದಲ್ಲ. ಬೇರೆ ದಾರಿ ಇರಲಿಲ್ಲ.

ಅವನು ಆ ಪ್ರತಿಯನ್ನು ಮತ್ತೆ ಚೀಲದೊಳಗೆ ಇಟ್ಟ. ಆಮೇಲೆ ಹೇಳಿದ: "ನಾವು ಕತ್ತರಿಸಿದ್ದು ನಮ್ಮ ಅಪ್ಪಂದಿರ ಮುಖ. ಅದಕ್ಕೆ ನಮ್ಮ ಮನೆಗಳಲ್ಲಿ ನಾವು ಉತ್ತರ ಕೊಟ್ಟಿದ್ದೇವೆ, ಇನ್ನೂ ಕೊಡುತ್ತಿದ್ದೇವೆ. ಈ ಮನುಷ್ಯ ನಮಗೆ ಏನಾಗಬೇಕು? ಇವನದನ್ನು ಏಕೆ ತಂದೆ?"

ಆ ಹಾಡನ್ನು ಅವರು ಆಲ್ಬಮ್ಮಿನಿಂದ ತೆಗೆದರು. ರೀಲ್ಸ್ ಇನ್ನೂ ಓಡುತ್ತಿವೆ.

ಕಳೆದ ತಿಂಗಳು ಈರಣ್ಣನ ಮನೆಗೆ ಹೋದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಾಗಲೇ ಹೇಳಲು ಶುರುಮಾಡಿದೆ. ಕುಳಿತರೆ ಹೇಳಲಾರೆ ಅನಿಸಿತ್ತು. ಅವನು ಎದುರಿಗೆ ನಿಂತೇ ಕೇಳಿದ. ಹೊಡೆಯಲಿಲ್ಲ. ಮುಗಿದ ಮೇಲೆ ಒಂದೇ ಮಾತು ಕೇಳಿದ: "ಇಲ್ಯಾಸಣ್ಣನ ಮುಖ ಹೆಂಗ ನೋಡ್ಲಿ ಸರ ನಾ?"

ಆಗಲೂ ಅವನು ನನ್ನನ್ನು 'ಸರ' ಎಂದ. ಅಭ್ಯಾಸ.

ಒಳಗಿಂದ ಶಾಂತಾ ಅವರು ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಅತ್ತೀ ಬೈದಿದ್ದೆಲ್ಲ ನಾನ ಹೊತ್ತಿದ್ದೆ" ಎಂದರು. "ಇವರು ನನಗ ನಿಜ ಹೇಳಿದ ಮ್ಯಾಲೂ ಹೊತ್ತೆ. ಯಾರೂ ಒತ್ತಾಯ ಮಾಡಿದ್ದಿಲ್ಲ, ನನಗ ಹಂಗ ಬೇಕಾಗಿತ್ತು. ನಾನು ಮುಚ್ಚಿ ಇಟ್ಟಿದ್ದನ್ನ ಬಿಚ್ಚಾಕ ನೀವ್ ಯಾರ್ರಿ?"

 

ಇಲ್ಯಾಸ್‌ನ ಹೆಸರು ಕೆಟ್ಟದ್ದು ಎಲ್ಲರೆದುರು. ಸರಿಯಾಗುವುದೂ ಎಲ್ಲರೆದುರೇ ಆಗಬೇಕು. ಆದರೆ ಅದನ್ನು ಬರೆದರೆ ಇವರಿಬ್ಬರ ವಿಷಯ ಮತ್ತೆ ಜನರ ಬಾಯಿಗೆ ಬೀಳುತ್ತದೆ. ಇದನ್ನು ಅವರಿಗೆ ಹೇಳಿದೆ. ಬರೆಯಲೇ, ಬೇಡವೇ ಎಂದು ಕೇಳಿದೆ. ಅವರ ಮಾತಿಗೆ ಅವರ ಅಪ್ಪಣೆಯನ್ನು ನಾನು ಕೇಳಿದ್ದು ಅದೇ ಮೊದಲು.

ಗಂಡಹೆಂಡಿರು ಒಬ್ಬರನ್ನೊಬ್ಬರು ನೋಡಿಕೊಂಡರು. "ಬರೀರಿ" ಎಂದರು ಶಾಂತಾ. "ಆದರ ಮೊದಲ ಇಲ್ಲಿ ಬಂದು ನಮಗ ಓದಿ ತೋರಸ್ರಿ. ನಾವು ಹೂಂ ಅಂದ ಮ್ಯಾಲ ಮುಂದಿಂದು."

ಹಾಗಾಗಿ ಇದನ್ನು ನಿಮಗಿಂತ ಮೊದಲು ಅವರು ಕೇಳಿದ್ದಾರೆ. ಅದೇ ಹಜಾರದಲ್ಲಿ ಕುಳಿತು, ಸಭಾಂಗಣದಲ್ಲಿ ಕೇಳಿಸಿದ ಮಾತುಗಳನ್ನೂ ಬಿಡದೆ ಓದಿದೆ. ಈರಣ್ಣ ನೆಲ ನೋಡುತ್ತ ಕೇಳಿದ. ಅವನು ಏನನ್ನೂ ತೆಗೆಸಲಿಲ್ಲ. ಶಾಂತಾ ಅವರು ಒಂದನ್ನು ತೆಗೆಸಿದರು. ಈರಣ್ಣನ ಆ ಮಾತಿಗೆ ಅವರು ಊರಿನಿಂದ ಕಳುಹಿಸಿದ್ದ ಉತ್ತರವೂ ಆ ಫೋನಿನಲ್ಲಿತ್ತು. ಅದನ್ನೂ ನಾನು ಕೇಳಿದ್ದೆ, ಇಲ್ಲಿ ಬರೆದಿದ್ದೆ.

"ಇವರದು ಊರೆಲ್ಲ ಕೇಳೈತಿ. ಅದು ಹೋತು. ನಂದು ಇವರೊಬ್ಬರ ಕೇಳ್ಯಾರ ಅನ್ಕೊಂಡಿದ್ದೆ. ತಗೀರಿ ಅದನ್ನ" ಎಂದರು.

ತೆಗೆದೆ. ಲ್ಯಾಪ್‌ಟಾಪಿನಿಂದಲೂ ಅವರ ಎದುರೇ ಅಳಿಸಿದೆ. ನನ್ನೊಳಗೆ ಅದು ಹಾಗೇ ಇದೆ, ಒಂದು ಅಕ್ಷರ ಬಿಡದೆ. ಎಲ್ಲ ನೆನಪನ್ನೂ ಅನುಮಾನಿಸುವ ನನಗೆ ಅದೊಂದರ ಬಗ್ಗೆ ಅನುಮಾನವಿಲ್ಲ. ಅದನ್ನು ಹೊತ್ತುಕೊಂಡು ಸುಮ್ಮನಿರುವುದು ಇನ್ನು ನನ್ನ ಕೆಲಸ.

ನಿನ್ನೆ ಅಜ್ಮಾನ್‌ಗೆ ಫೋನ್ ಮಾಡಿದೆ. ಹಿಂದೆ ಯಾರೋ ಈರುಳ್ಳಿ ಚೀಲದ ಬಗ್ಗೆ ಕೂಗುತ್ತಿದ್ದರು. ನಾನು ಎಲ್ಲ ಹೇಳಿದೆ. ಬರೆದದ್ದನ್ನು ಸಂಘದ ಗುಂಪಿನಲ್ಲಿ ಹಾಕುತ್ತೇನೆ, ಮೊದಲು ನಿನಗೆ ಕಳುಹಿಸುತ್ತೇನೆ ಎಂದೆ.

"ಗುಂಪಿನಿಂದ ನನ್ನನ್ನು ಆಗಲೇ ತೆಗೆದಿದ್ದಾರೆ ಸಾರ್" ಎಂದ ಇಲ್ಯಾಸ್.

ನನಗೆ ಅದು ಗೊತ್ತಿರಲಿಲ್ಲ. ಗಮನಿಸಿರಲಿಲ್ಲ.

"ಅಲ್ಲೇ ಹಾಕಿ. ಅವರು ಓದ್ಲಿ. ನನಗೆ ಕಳಿಸ್ಬೇಡಿ."

"ಯಾಕೆ ಇಲ್ಯಾಸ್?"

"ನನಗೆ ಎಂತಕ್ಕೆ ಸಾರ್? ಫೋನ್ ಯಾರಿಗೆ ಕೊಟ್ಟದ್ದು ಅಂತ ನನಗೆ ಗೊತ್ತುಂಟಲ್ಲ." ಆಮೇಲೆ, "ಗಿರಾಕಿ ಇದ್ದಾರೆ, ಇಡ್ತೇನೆ" ಎಂದ.

ಕ್ಷಮೆ ಕೇಳಲು ಬಾಯಿ ತೆರೆದಿದ್ದೆ. ಫೋನ್ ಇಟ್ಟಾಗಿತ್ತು. ಮತ್ತೆ ಮಾಡಲಿಲ್ಲ; ಕ್ಷಮಿಸುವ ಕೆಲಸವನ್ನೂ ಅವನ ಮೇಲೆ ಹೊರಿಸಬಾರದು ಅನಿಸಿತು.

ಹಾಗಾಗಿ ಇದು ನಿಮಗೆ—ಆ ಎರಡು ಸಾಲು ಓದಿದವರಿಗೆ, ಹೆಬ್ಬೆರಳಿನ ಗುರುತು ಹಾಕಿದವರಿಗೆ, ಆಮೇಲೆ ಆ ಕೌಂಟರನ್ನು ದಾಟಿ ಬೇರೆ ಅಂಗಡಿಗೆ ಹೋದವರಿಗೆ. ಇಲ್ಯಾಸ್ ಅಂದು ಹೇಳಿದ್ದು ಪ್ರತಿಯೊಂದೂ ನಿಜ. ಫೋನನ್ನು ಅವನು ನನಗೆ ಕೊಟ್ಟ. ನಾನು ತೆಗೆದುಕೊಂಡು ಹೋದೆ. ಮರುದಿನ ತಂದುಕೊಟ್ಟೆ. ಇದು ನನಗೆ ಅಂದೂ ನೆನಪಿತ್ತು.